ರಿಸ್ಕಾಲ್ ರೆಸೆರ್ವಾ: ಮೊದಲು ಗ್ಲಾಸು, ಆಮೇಲೆ ಲೇಬಲ್ಲು

ಕೆಂಪು ವೈನ್ ಸವಿಯುವುದನ್ನೂ ಅದರ ಲೇಬಲ್ ಓದುವುದನ್ನೂ ಒಟ್ಟಿಗೆ ಕಲಿಯಬೇಕೆಂದರೆ ನಾನು ಹೇಳುವ ಬಾಟಲಿ ಸ್ಪೇನಿನ ರಿಯೋಹಾದ್ದು: ಮಾರ್ಕೆಸ್ ದೆ ರಿಸ್ಕಾಲ್ ರೆಸೆರ್ವಾ. ಇದರ ಲೇಬಲ್ ಹೇಳುವುದರಲ್ಲಿ ಹೆಚ್ಚಿನದನ್ನು ಗ್ಲಾಸಿನಲ್ಲೇ ಪರೀಕ್ಷಿಸಿ ನೋಡಬಹುದು. ಆದರೆ ಲೇಬಲ್ ಮೊದಲು ಕಣ್ಣಿಗೆ ಬಿತ್ತೋ, ನಾಲಿಗೆ ಅದಕ್ಕೆ ತಲೆದೂಗಿಬಿಡುತ್ತದೆ. ಫ್ರಾನ್ಸಿನ ವೈನ್ ನಾಡು ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳು ಅದರ ಪರಿಮಳವನ್ನು ಕೆಂಪು ವೈನಿನ ಪದಗಳಲ್ಲೇ ಬಣ್ಣಿಸಿದ್ದರು. ಬಣ್ಣಕ್ಕೇ ಇಷ್ಟು ಬಲವಿದ್ದರೆ ಹೆಸರಿಗೂ ಪದಕಗಳಿಗೂ ಎಷ್ಟಿರಬೇಡ.

ಅದಕ್ಕೇ ಎರಡು ಬಾಟಲಿ ಇಟ್ಟುಕೊಳ್ಳುತ್ತೇನೆ. ಒಂದು ರಿಸ್ಕಾಲ್, ಇನ್ನೊಂದು ನಂದಿ ಬೆಟ್ಟದ ಬಳಿಯ ಗ್ರೋವರ್ ಝಂಪಾದ ಲಾ ರಿಸರ್ವ್, ಅಂದರೆ ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣ. ಎರಡಕ್ಕೂ ಕಾಲುಚೀಲ ತೊಡಿಸಿ, ಸುರಿಯುವ ಕೆಲಸ ಬೇರೆಯವರಿಗೆ ಬಿಡಬೇಕು. ರಿಸ್ಕಾಲ್ ಬಾಟಲಿಯ ಮೈಗೆ ಚಿನ್ನದ ಬಣ್ಣದ ತಂತಿಬಲೆ ಇರುತ್ತದೆ. ಅದನ್ನು ಮೊದಲೇ ಬಿಡಿಸದಿದ್ದರೆ ಸದ್ದಿನಿಂದಲೇ ಗುಟ್ಟು ರಟ್ಟಾಗುತ್ತದೆ. ಕತ್ತಿನ ಬಳಿ ಸಣ್ಣ ಇಕ್ಕಳದಿಂದ ಎಳೆ ಕತ್ತರಿಸಿ ಕೆಳಕ್ಕೆ ಸರಿಸಿ. ತಂತಿಯ ತುದಿ ಚೂಪು, ಬೆರಳು ಜೋಪಾನ.

ಉಷ್ಣತೆಯಲ್ಲೇ ಬಹಳ ಜನ ಎಡವುವುದು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು. ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಏಪ್ರಿಲ್‌ನಲ್ಲಿ 28 ಡಿಗ್ರಿಯಲ್ಲಿದ್ದ ಬಾಟಲಿ ಫ್ರಿಜ್ಜಿನಲ್ಲಿ ಅಲ್ಲಿಗೆ ಇಳಿಯಲು ಒಂದೂವರೆ ಗಂಟೆಯಾದರೂ ಬೇಕು. ಐಸು ನೀರು ತುಂಬಿದ ಬಕೆಟ್ಟಿನಲ್ಲಾದರೆ ಹತ್ತು ನಿಮಿಷ ಸಾಕು. ಬಿಸಿ ಹೆಚ್ಚಿದ್ದರೆ ಆಲ್ಕೋಹಾಲ್ ಮೂಗಿಗೆ ರಾಚಿ ಉಳಿದೆಲ್ಲ ಪರಿಮಳವನ್ನು ಮುಚ್ಚುತ್ತದೆ. ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ, ಒಗರು ಮಾತ್ರ ಒರಟಾಗಿ ಎದ್ದು ಕಾಣುತ್ತದೆ. ಕೋಣೆಯಲ್ಲಿ ಊದುಬತ್ತಿ, ಒಗ್ಗರಣೆಯ ವಾಸನೆ ಇರಬಾರದು. ಖಾರ ತಿಂದ ಬಾಯಿಗೆ ಆಲ್ಕೋಹಾಲಿನ ಉರಿ ಜಾಸ್ತಿಯಾಗುತ್ತದೆ. ನಡುನಡುವೆ ನೀರು, ಖಾಲಿ ಬ್ರೆಡ್ಡು ಸಾಕು.

ಬಾಯಿ ಕಿರಿದಾಗುತ್ತ ಹೋಗುವ ಗ್ಲಾಸಿಗೆ 50 ಮಿಲಿ ಮಾತ್ರ ಸುರಿಯಬೇಕು. ಬಿಳಿ ಹಾಳೆಯ ಮೇಲೆ ಗ್ಲಾಸನ್ನು ವಾಲಿಸಿ, ನಡುವಿನ ಬಣ್ಣಕ್ಕಿಂತ ಅಂಚನ್ನು ನೋಡಿ. ಎಳೆಯ ವೈನಿನ ಅಂಚು ನೇರಳೆ. ಮಾಗುತ್ತ ಹೋದಂತೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನಂದಿಯ ಮಿಶ್ರಣ ಸಾಮಾನ್ಯವಾಗಿ ಹೆಚ್ಚು ಗಾಢ. ರಿಸ್ಕಾಲ್‌ನಲ್ಲಿ ಬಹುಪಾಲು ಟೆಂಪ್ರಾನಿಯೊ ದ್ರಾಕ್ಷಿ, ಅಂಚಿನಲ್ಲಿ ವಯಸ್ಸಿನ ಗುರುತು.

ಮೂಗಿಗೆ ಎರಡು ಸರದಿ: ಗ್ಲಾಸು ಅಲುಗಿಸದೆ ಒಮ್ಮೆ, ತಿರುಗಿಸಿ ಇನ್ನೊಮ್ಮೆ. ಮೊದಲ ಸರದಿ ದೋಷ ಹುಡುಕಲು. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಕಾದರೂ ಅದು ಹೋಗದು. ಉಗುರುಬಣ್ಣ ತೆಗೆಯುವ ದ್ರವದ ವಾಸನೆಯಿದ್ದರೆ ಬ್ಯಾಕ್ಟೀರಿಯಾದ ಕೆಲಸ. ಸುಟ್ಟ ಬೆಂಕಿಕಡ್ಡಿಯ ವಾಸನೆಯಾದರೆ ಗಾಬರಿ ಬೇಡ, ಗಾಳಿಯಾಡಿದಾಗ ಕಡಿಮೆಯಾಗುತ್ತದೆ. ಎರಡನೇ ಸರದಿಯಲ್ಲಿ ರಿಸ್ಕಾಲ್ ತನ್ನನ್ನು ತಾನೇ ಬಿಟ್ಟುಕೊಡುತ್ತದೆ: ಚೆರ್ರಿಯಂಥ ಕೆಂಪು ಹಣ್ಣಿನ ಹಿಂದೆ ಕೊಬ್ಬರಿ, ವೆನಿಲ್ಲಾ, ಲವಂಗ. ಕೊಬ್ಬರಿಯ ಪರಿಮಳ ಅಮೆರಿಕನ್ ಓಕ್ ಪೀಪಾಯಿಯದು. ಫ್ರೆಂಚ್ ಓಕ್‌ನಲ್ಲಿ ಅದನ್ನು ಕೊಡುವ ಲ್ಯಾಕ್ಟೋನುಗಳು ಕಡಿಮೆ. ನಂದಿಯ ಗ್ಲಾಸಿನಲ್ಲಿ ಕಪ್ಪು ಹಣ್ಣು, ಶಿರಾಜ್‌ನಿಂದ ಕಾಳುಮೆಣಸು, ಕ್ಯಾಬರ್ನೆಯಿಂದ ಕೆಲವೊಮ್ಮೆ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆ.

ಹದಿನೈದು ಮಿಲಿಯಷ್ಟು ಬಾಯಿಗೆ ತೆಗೆದುಕೊಂಡು, ತುಸು ಗಾಳಿ ಎಳೆದು, ಹತ್ತು ಸೆಕೆಂಡು ಹೊರಳಿಸಿ ಉಗುಳಿ. ಹುಳಿಯನ್ನು ಜೊಲ್ಲಿನಿಂದ ಅಳೆಯಿರಿ, ಒಗರನ್ನು ವಸಡಿನಿಂದ, ಆಲ್ಕೋಹಾಲನ್ನು ಗಂಟಲಿನ ಬಿಸಿಯಿಂದ. ಇಷ್ಟನ್ನೂ ಬರೆದಿಡಿ. ವಯಸ್ಸು, ಪೀಪಾಯಿ, ಆಲ್ಕೋಹಾಲಿನ ಶೇಕಡಾ ಪ್ರಮಾಣ ಈ ಮೂರರ ಬಗ್ಗೆ ಒಂದೊಂದು ಊಹೆಯನ್ನು ಅಂಕಿಯಲ್ಲೇ ಬರೆದು, ಆಮೇಲೆ ಕಾಲುಚೀಲ ಕಳಚಬೇಕು.

ಈಗ ಲೇಬಲ್ ಓದುವ ಸರದಿ, ಬಾಟಲಿಯ ಹಿಂಬದಿಯಿಂದ ಶುರು. ರಿಯೋಹಾದ ನಿಯಂತ್ರಣ ಮಂಡಳಿಯ ಸಂಖ್ಯೆಯುಳ್ಳ ಮುದ್ರೆ ಅಲ್ಲಿರುತ್ತದೆ. ರೆಸೆರ್ವಾ ಎಂದರೆ ಕನಿಷ್ಠ ಮೂರು ವರ್ಷ ಮಾಗಿದ್ದು, ಅದರಲ್ಲಿ ಒಂದು ವರ್ಷವಾದರೂ ಪೀಪಾಯಿಯಲ್ಲಿ, ಇದು ಕಾನೂನು. ಗ್ರಾನ್ ರೆಸೆರ್ವಾಕ್ಕೆ ಐದು ವರ್ಷ. ಅದೇ ರಿಸರ್ವ್ ಎಂಬ ಪದಕ್ಕೆ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇಂಥ ಕಾನೂನಿನ ಅರ್ಥವಿಲ್ಲ, ಅಲ್ಲಿ ಅದು ತಯಾರಕರ ಮಾತು ಅಷ್ಟೇ. ಅಂಚಿನ ಇಟ್ಟಿಗೆ ಬಣ್ಣ ನೋಡಿ ಮಾಡಿದ ಊಹೆ ಇಲ್ಲಿ ತಾಳೆಯಾಗಬೇಕು. ಆಲ್ಕೋಹಾಲ್ ಸಂಖ್ಯೆಯನ್ನು ಹುಬೇಹೂಬು ನಂಬಬೇಡಿ: ಯುರೋಪಿನಲ್ಲಿ ಅದನ್ನು ಪೂರ್ಣ ಅಥವಾ ಅರ್ಧ ಅಂಕಿಯಲ್ಲಿ ಬರೆಯುತ್ತಾರೆ, ಅರ್ಧ ಶೇಕಡಾ ಹೆಚ್ಚುಕಡಿಮೆಗೂ ಅವಕಾಶವಿದೆ. ಭಾರತಕ್ಕೆ ಬಂದ ಬಾಟಲಿಯಲ್ಲಿ ಆಮದುದಾರರ ಚೀಟಿ ಕೆಲವೊಮ್ಮೆ ಇದನ್ನೆಲ್ಲ ಮುಚ್ಚಿರುತ್ತದೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಮುಂಬದಿಯ ವಿನ್ಯಾಸ ಇಂದಿನ ರೂಢಿಗೆ ಪೂರ್ತಿ ವಿರುದ್ಧ. ಈಗಿನ ಲೇಬಲ್‌ಗಳು ಖಾಲಿ ಜಾಗ ಬಿಟ್ಟು ಒಂದೇ ಚಿತ್ರ ಇಡುತ್ತವೆ; ರಿಸ್ಕಾಲ್ ಅಕ್ಷರಗಳಿಂದ ಕಿಕ್ಕಿರಿದಿದೆ. 1858ರಲ್ಲಿ ರಿಯೋಹಾದ ಎಲ್ಸಿಯೆಗೊ ಊರಿನಲ್ಲಿ ಶುರುವಾದ ಈ ಮನೆತನಕ್ಕೆ 1895ರಲ್ಲಿ ಬೋರ್ಡೋ ಪ್ರದರ್ಶನದ ಗೌರವ ಡಿಪ್ಲೊಮಾ ದಕ್ಕಿತು, ಫ್ರೆಂಚರಲ್ಲದವರ ವೈನಿಗೆ ಅದು ಮೊದಲು. ಆ ಡಿಪ್ಲೊಮಾವನ್ನೇ ಲೇಬಲ್ ಎತ್ತಿ ಹಿಡಿದಿದೆ. ಬೋರ್ಡೋದ ವಿಧಾನ ಕಲಿತು ತಂದ ಮನೆತನಕ್ಕೆ ಬೋರ್ಡೋದ ಮುದ್ರೆಯೇ ದೊಡ್ಡ ಮಾತಾಗಿತ್ತು. ಇದನ್ನು ಅಲಂಕಾರವೆಂದು ನೋಡಿದರೆ ಗಜಿಬಿಜಿ, ಪ್ರಮಾಣಪತ್ರವೆಂದು ನೋಡಿದರೆ ಪ್ರತಿ ಗೆರೆಯೂ ತನ್ನ ಜಾಗದಲ್ಲಿದೆ.

ತಂತಿಬಲೆಗೂ ಕಾರಣವಿತ್ತು. ಖಾಲಿ ಬಾಟಲಿಗೆ ಅಗ್ಗದ ವೈನ್ ತುಂಬಿ ಮಾರುವವರನ್ನು ತಡೆಯಲು, ಬಲೆ ಹರಿಯದೆ ಕಾರ್ಕ್ ತೆಗೆಯಲಾಗದಂತೆ ಹೊದಿಸಿದರು. ಈಗ ರಿಯೋಹಾದ ಬೇರೆಯವರೂ ಬಳಸುವುದರಿಂದ ಬಲೆ ಗುಣಮಟ್ಟದ ಗುರುತಲ್ಲ. ಆದರೂ ಮೂರು ಮೀಟರ್ ದೂರದಿಂದ ಬಾಟಲಿ ಗುರುತಾಗುವುದು ಅದರಿಂದಲೇ. 2006ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಎಲ್ಸಿಯೆಗೊದಲ್ಲೇ ಈ ಮನೆತನಕ್ಕೆ ಕಟ್ಟಿದ ಹೋಟೆಲಿನ ಲೋಹದ ಹಾಳೆಗಳಿಗೂ ಬಾಟಲಿಯ ಬಣ್ಣಗಳನ್ನೇ ತೊಡಿಸಿದರು: ವೈನಿನ ಗುಲಾಬಿ, ಬಲೆಯ ಚಿನ್ನ, ಮುಚ್ಚಳದ ಬೆಳ್ಳಿ.

ಲೇಬಲ್‌ನ ಮುದ್ರಣ ನೋಡಲು ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಉಬ್ಬಿದ ಅಚ್ಚಿದ್ದರೆ ನೆರಳು ಬೀಳುತ್ತದೆ. ಹತ್ತು ಪಟ್ಟಿನ ಮಸೂರದಲ್ಲಿ ಚುಕ್ಕೆಗಳು ಕಂಡರೆ ಬಣ್ಣ ಬೆರೆಸಿ ಮುದ್ರಿಸಿದ್ದು. ಚುಕ್ಕೆಯಿಲ್ಲದ ಗಟ್ಟಿ ಬಣ್ಣವಾದರೆ ಅದಕ್ಕೆಂದೇ ಪ್ರತ್ಯೇಕ ಶಾಯಿ.

ಲೇಬಲ್ ತೆಗೆದಿಡಬೇಕೆಂದರೆ ಮೊದಲು ಅಂಟು ಯಾವುದೆಂದು ತಿಳಿಯಬೇಕು. ಮೂಲೆಗೆ ನೀರು ಹಚ್ಚಿ ಐದು ನಿಮಿಷ ಬಿಡಿ. ಕಾಗದ ಸಡಿಲವಾದರೆ ಹಳೆಯ ರೀತಿಯ ಅಂಟು, ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಜಾರಿ ಬರುತ್ತದೆ. ಸಡಿಲವಾಗದಿದ್ದರೆ ಅದು ಸ್ಟಿಕ್ಕರ್, ನೆನೆಸಿದರೆ ಕಾಗದ ಹರಿದು ಅಂಟು ಗಾಜಿನ ಮೇಲೇ ಉಳಿಯುತ್ತದೆ. ಅದಕ್ಕೆ ಖಾಲಿ ಬಾಟಲಿಯ ಒಳಗೆ ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು, ಬ್ಲೇಡಿನಿಂದ ಒಂದು ಮೂಲೆ ಎಬ್ಬಿಸಿ, ಗಾಜಿಗೆ ಒತ್ತಿಕೊಂಡಂತೆ ನಿಧಾನ ಎಳೆಯಿರಿ. ತಣ್ಣನೆಯ ಬಾಟಲಿಗೆ ಕುದಿಯುವ ನೀರು ಹಾಕಿದರೆ ಗಾಜು ಸೀಳುತ್ತದೆ. ಬಂದ ಸ್ಟಿಕ್ಕರನ್ನು ದಪ್ಪ ಹಾಳೆಗೆ ಕೂಡಲೇ ಅಂಟಿಸಿ. ನೆನೆಸಿ ತೆಗೆದದ್ದನ್ನು ಹೀರುಕಾಗದದ ನಡುವೆ ಭಾರವಿಟ್ಟು ಒಂದು ದಿನ ಒಣಗಿಸಿ. ಹಿಂಬದಿಯ ಮುದ್ರೆಯನ್ನೂ ಬಿಡಬೇಡಿ, ಹಾಳೆಯ ಮೇಲೆ ಅದರ ಪಕ್ಕದಲ್ಲೇ ಲೇಬಲ್ ನೋಡುವ ಮುನ್ನ ಬರೆದ ಮೂರು ಊಹೆಗಳಿರಲಿ.