ಶೇರಿಗೆ ಕಿಲೋ ಲೆಕ್ಕ ಹಾಕಬೇಡಿ

ಹೋಳಿ ಹುಣ್ಣಿಮೆಯ ದಿನ ಹಾವೇರಿಯಿಂದ ಮಗಳ ಫೋನ್ ಬಂತು. "ಅವ್ವಾ, ಹೋಳಿಗೆಗೆ ಬೆಲ್ಲ ಎಷ್ಟು ಹಾಕ್ಲಿ?" "ಶೇರು ಕಡ್ಲಿಬ್ಯಾಳಿಗೆ ಶೇರು ಬೆಲ್ಲ" ಅಂದೆ. ಅವಳು ಕಿಲೋ ಬೇಳೆಗೆ ಕಿಲೋ ಬೆಲ್ಲದ ಪುಡಿ ತೂಗಿ ಹಾಕಿದಳು. ಹೂರಣ ಸಡಿಲಾಯಿತು, ಲಟ್ಟಿಸುವಾಗ ಕಣಕ ಹರಿದು ಹೊರಗೆ ಬಂತು. ತಪ್ಪು ನನ್ನದೇ. ಬಿಡಿಸಿ ಹೇಳಬೇಕಿತ್ತು.

ನಮ್ಮ ಮನೆಯಲ್ಲಿ ಶೇರು ಅಂದರೆ ಪಾತ್ರೆ, ತೂಕ ಅಲ್ಲ. ತಕ್ಕಡಿಯ ಶೇರು ಬೇರೆ ಇತ್ತು. ಅದು 80 ತೊಲ, ಅಂದರೆ ಸುಮಾರು 933 ಗ್ರಾಂ. ಹೆಸರು ಒಂದೇ, ಅಳತೆ ಎರಡು. ಅದೇ ಪಾತ್ರೆಯಲ್ಲಿ ಬೇಳೆ ಅಳೆದರೆ ಭಾರ, ಬೆಲ್ಲದ ಪುಡಿ ಅಳೆದರೆ ಹಗುರ. ಚುರಮುರಿ ಅಳೆದು ನೋಡಿ, ಕೈಗೆ ಏನೂ ಹತ್ತುವುದೇ ಇಲ್ಲ! ಎಲ್ಲದಕ್ಕೂ ಒಂದೇ ಗ್ರಾಂ ಲೆಕ್ಕ ಹಿಡಿದರೆ ಅಡುಗೆ ಕೆಡುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮನೆಯ ಪಾತ್ರೆಯನ್ನು ಒಮ್ಮೆ ನೀರಿನಿಂದ ಅಳೆದಿಡಿ, ಸಾಕು. ನಾನು ನನ್ನ ಅವ್ವನ ಹಿತ್ತಾಳೆ ಪಾವಶೇರನ್ನು, ಅಂದರೆ ಕಾಲು ಶೇರಿನ ಪಾತ್ರೆಯನ್ನು, ಡಿಜಿಟಲ್ ತಕ್ಕಡಿ ಮೇಲೆ ಖಾಲಿ ಇಟ್ಟು, ಸೊನ್ನೆ ಮಾಡಿ, ಕಂಠದ ತನಕ ನೀರು ಸುರಿದೆ. 230 ಗ್ರಾಂ ತೋರಿಸಿತು. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿಲೀಟರ್, ಹಾಗಾಗಿ ನನ್ನ ಪಾವಶೇರು 230 ಮಿಲಿ. ನಿಮ್ಮದು ಬೇರೆ ಇರಬಹುದು. ತಕ್ಕಡಿ ಇಲ್ಲವಾ? ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಡೆದು ಸುರಿಯಿರಿ, ಎಷ್ಟು ಸಲ ತುಂಬುತ್ತದೆ ಎಣಿಸಿ, 500 ಮಿಲಿಯನ್ನು ಅಷ್ಟರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಚೀಟಿ ಮೇಲೆ ಬರೆದು ಪಾತ್ರೆಯೊಳಗೇ ಇಟ್ಟುಬಿಡಿ.

ಮೊಬೈಲ್‌ನಲ್ಲಿ ನೋಡಿ ಅಡುಗೆ ಮಾಡುವವರಿಗೆ ಇನ್ನೊಂದು ಮಾತು. ಅಮೆರಿಕದವರ ಕಪ್ಪು ಸುಮಾರು 240 ಮಿಲಿ, ನಮ್ಮ ಅಂಗಡಿಗಳಲ್ಲಿ ಸಿಗುವ ಅಳತೆ ಕಪ್ಪು 240 ಇಲ್ಲವೇ 250, ಅನ್ನದ ಕುಕ್ಕರ್ ಜೊತೆ ಬರುವ ಕಪ್ಪು ಸಾಮಾನ್ಯವಾಗಿ 180. ಕುಕ್ಕರ್ ಕಪ್ಪಿನಲ್ಲಿ ಅಕ್ಕಿ ಹಾಕಿ ದೊಡ್ಡ ಕಪ್ಪಿನಲ್ಲಿ ನೀರು ಹಾಕಿದರೆ ಅನ್ನ ಮುದ್ದೆಯಾಗದೆ ಇನ್ನೇನಾದೀತು? ಸಣ್ಣ ಚಮಚೆ 5 ಮಿಲಿ, ದೊಡ್ಡದು 15. ಔಷಧಿ ಬಾಟಲಿಯ ಮುಚ್ಚಳದ ಮೇಲೆ ಗೆರೆ ಇರುತ್ತವೆ, ಚೆನ್ನಾಗಿ ತೊಳೆದು ಅದನ್ನೇ ಬಳಸಬಹುದು.

ಉಪ್ಪಿಟ್ಟಿನಂಥ ಅಡುಗೆಗೆ ಇಷ್ಟೆಲ್ಲ ಬೇಡವೇ ಬೇಡ. ಯಾವ ವಾಟಗಾದಲ್ಲಿ (ಬಟ್ಟಲಿನಲ್ಲಿ) ರವೆ ಅಳೆದಿರೋ ಅದರಲ್ಲೇ ಮೂರು ವಾಟಗಾ ನೀರು. ಆದರೆ ರವೆಯನ್ನು ಗುಡ್ಡೆ ಬರುವಂತೆ ತುಂಬಬೇಡಿ, ಬೆರಳಿನಿಂದ ಮಟ್ಟ ಮಾಡಿ. ಹಿಟ್ಟನ್ನಂತೂ ಒತ್ತಿ ತುಂಬಲೇಬೇಡಿ, ಸುಮ್ನೆ ಜಾಸ್ತಿ ಹಿಡಿಯುತ್ತದೆ.

ಎಣ್ಣೆ ವಿಷಯದಲ್ಲಿ ಎಚ್ಚರ. ಒಂದು ಲೀಟರ್ ಅಡುಗೆ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ. ಉಪ್ಪಿನಕಾಯಿಗೆ ಕಿಲೋ ಎಣ್ಣೆ ಅಂತ ಬರೆದಿದ್ದರೆ ಲೀಟರ್ ಪ್ಯಾಕೆಟ್‌ಗೆ ಇನ್ನೂ 100 ಮಿಲಿ ಸೇರಿಸಿ. ಉಪ್ಪಿನಕಾಯಿ ಮೇಲೆ ಎಣ್ಣೆ ಒಂದು ಬೆರಳು ನಿಂತಿರಬೇಕು.