ಊರಿನಾಚೆಯಿಂದ ಮೆಸೇಜ್ ಕಳಿಸಿ ತೋಟದ ಮೋಟರ್ ಹಾಕುವುದು ಹೇಗೆ?

ನಮ್ಮ ತೋಟಕ್ಕೆ ಆಗ ರಾತ್ರಿ ಒಂದೂವರೆಗೆ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರುತ್ತಿತ್ತು. ಅಪ್ಪ ಎದ್ದು, ಪಂಚೆ ಎತ್ತಿ ಕಟ್ಟಿ, ಟಾರ್ಚ್ ಹಿಡಿದು, ತೆಂಗಿನ ಸಾಲುಗಳ ನಡುವೆ ಮುಕ್ಕಾಲು ಕಿಲೋಮೀಟರ್ ನಡೆದು ಹೋಗಿ ಮೋಟರ್ ಹಾಕುತ್ತಿದ್ದರು. ಒಂದು ರಾತ್ರಿ ಸ್ಟಾರ್ಟರ್ ಪೆಟ್ಟಿಗೆಯ ಕೆಳಗೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತಂತೆ. ಬೆಳಗ್ಗೆ ಫೋನಿನಲ್ಲಿ ಅದನ್ನು ಹೇಳುವಾಗ ಅಪ್ಪನ ದನಿ ಎಂದಿನ ಹಾಗೇ ಇತ್ತು. ನನಗೆ ಮಾತ್ರ ಆ ದಿನ ಆಫೀಸಿನಲ್ಲಿ ಕೆಲಸ ಮಾಡಲಾಗಲಿಲ್ಲ. ಅದೇ ವಾರ ಮೊಬೈಲ್ ಸ್ಟಾರ್ಟರ್, ಅಂದರೆ ಮೆಸೇಜ್ ಕಳಿಸಿದರೆ ಮೋಟರ್ ಹಾಕುವ ಪೆಟ್ಟಿಗೆ, ಹಾಕಿಸಿದೆವು.

ಚಳಿ ದೇಶಗಳಲ್ಲಿ ಇಂಥದ್ದೇ ಪೆಟ್ಟಿಗೆಯನ್ನು ಮನೆಯ ಹೀಟರಿಗೆ ಜೋಡಿಸುತ್ತಾರೆ. ಊರಿಗೆ ಹೊರಡುವ ಮುಂಚೆ ಒಂದು ಮೆಸೇಜ್ ಕಳಿಸಿದರೆ ತಲುಪುವಷ್ಟರಲ್ಲಿ ಮನೆ ಬೆಚ್ಚಗಾಗಿರುತ್ತದೆ. ನಮಗೆ ಬೇಕಾಗಿರುವುದು ನೀರು. ಒಳಗಿನ ಕೆಲಸ ಮಾತ್ರ ಒಂದೇ. ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ಮೆಸೇಜ್ ಬಂದರೆ ಅದು ಒಂದು ರಿಲೇಯನ್ನು ಒತ್ತುತ್ತದೆ. ಆ ರಿಲೇ ನಿಮ್ಮ ಬೆರಳಿನ ಬದಲು ಸ್ಟಾರ್ಟರಿನ ಹಸಿರು ಬಟನ್ ಒತ್ತಿದ ಹಾಗೆ.

ಇಂಟರ್ನೆಟ್ ಆ್ಯಪ್ ಇರುವಾಗ ಮೆಸೇಜ್ ಯಾಕೆ ಅಂತ ಕೇಳಬಹುದು. ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ದರೂ ಮೆಸೇಜ್ ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಅಪ್ಪನ ಕೀಪ್ಯಾಡ್ ಫೋನಿನಿಂದಲೂ ಕಳಿಸಬಹುದು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಾದರೆ 70. ಕಮಾಂಡುಗಳನ್ನು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಎರಡು ಮೂರು ಪದ ಅಷ್ಟೇ. ಅಪ್ಪ ಅವನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಾರೆ.

ಮೊದಲು ಸಿಗ್ನಲ್, ಆಮೇಲೆ ದುಡ್ಡು

ಅಂಗಡಿಗೆ ಹೋಗುವ ಮುಂಚೆ ಒಂದು ಹಳೇ ಫೋನ್ ತೆಗೆದುಕೊಂಡು ಮೋಟರ್ ಮನೆಗೆ ಹೋಗಿ. ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ. ಫೋನನ್ನು ಸ್ಟಾರ್ಟರ್ ಪೆಟ್ಟಿಗೆಯೊಳಗಿಟ್ಟು, ಬಾಗಿಲು ಮುಚ್ಚಿ, ಇನ್ನೊಂದು ಫೋನಿನಿಂದ ಕರೆ ಮಾಡಿ. ಕಬ್ಬಿಣದ ಪೆಟ್ಟಿಗೆ ಸಿಗ್ನಲನ್ನು ತಡೆಯುತ್ತದೆ. ರಿಂಗ್ ಆಗದಿದ್ದರೆ ಉದ್ದ ವಯರಿನ ಆಂಟೆನಾ ತಂದು ಚಾವಣಿಯ ಮೇಲೆ ಕೂರಿಸಬೇಕು.

ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ಬಹಳಷ್ಟು 2ಜಿಯವು. ಜಿಯೊಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಆ ಸಿಮ್ ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಈಗ ಹೊಸದಾಗಿ ಕೊಳ್ಳುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ 4ಜಿ ಪೆಟ್ಟಿಗೆ ತಗೊಳ್ಳುವುದೇ ಒಳ್ಳೆಯದು.

ಸಿಮ್ ಹಾಕುವ ಮುಂಚೆ ಅದನ್ನು ಫೋನಿಗೆ ಹಾಕಿ ಪಿನ್ ಲಾಕ್ ತೆಗೆಯಿರಿ. 1909ಕ್ಕೆ ಕರೆ ಮಾಡಿ, ಜಾಹೀರಾತು ಬರದ ಹಾಗೆ ತಡೆಯುವ ಡಿಎನ್‌ಡಿ ಹಾಕಿಸಿ. ಇದನ್ನು ಬಹಳ ಜನ ಮಾಡುವುದಿಲ್ಲ. ಸಿಮ್ಮಿನಲ್ಲಿ ಕೆಲವೇ ಮೆಸೇಜಿಗೆ ಜಾಗ ಇರುತ್ತದೆ. ಬಂದದ್ದನ್ನು ತಾನೇ ಅಳಿಸದ ಪೆಟ್ಟಿಗೆಯಾದರೆ, ಜಾಹೀರಾತು ತುಂಬಿಕೊಂಡ ಮೇಲೆ ನಿಮ್ಮ ಕಮಾಂಡ್ ಒಳಗೆ ಬರುವುದೇ ಇಲ್ಲ. ರೀಚಾರ್ಜ್ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಡೇಟಾ ಇಲ್ಲದ, ಬರೀ ಕರೆ ಮತ್ತು ಮೆಸೇಜಿನ ಪ್ಯಾಕ್ ಕೊಡಲೇಬೇಕು ಅಂತ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಥ ಪ್ಯಾಕಿನ ವಾಯಿದೆ 365 ದಿನದವರೆಗೂ ಇರಬಹುದು. ತೋಟದ ಸಿಮ್ಮಿಗೆ ಅದೇ ಸರಿ.

ಜೋಡಿಸುವುದು

ಇದು ಎಲೆಕ್ಟ್ರಿಷಿಯನ್ ಕೆಲಸ, ನೀವೇ ಕೈ ಹಾಕಬೇಡಿ. ಆದರೆ ಪಕ್ಕದಲ್ಲಿ ನಿಂತು ಏನು ನೋಡಬೇಕು ಅಂತ ಗೊತ್ತಿರಲಿ. ಆನ್ ರಿಲೇಯ ಎರಡು ವಯರ್ ಹಸಿರು ಬಟನ್ನಿಗೆ ಸಮಾನಾಂತರವಾಗಿ ಹೋಗಬೇಕು. ಆಫ್ ರಿಲೇ ಕೆಂಪು ಬಟನ್ನಿನ ಸಾಲಿನಲ್ಲೇ, ಅಂದರೆ ಸೀರೀಸಿನಲ್ಲಿ, ಕೂರಬೇಕು. ಹೀಗಿದ್ದರೆ ಪೆಟ್ಟಿಗೆ ಕೆಟ್ಟ ದಿನವೂ ಕೈಯಿಂದ ಬಟನ್ ಒತ್ತಿ ಮೋಟರ್ ಹಾಕಬಹುದು, ನಿಲ್ಲಿಸಬಹುದು.

ನಮ್ಮ ಕಡೆಯ ಬಹಳಷ್ಟು ತ್ರೀ ಫೇಸ್ ಸ್ಟಾರ್ಟರುಗಳಲ್ಲಿ ಸ್ವಿಚ್ಚನ್ನು ಎಳೆದು ಹಿಡಿಯುವ ಕಾಯಿಲ್ 415 ವೋಲ್ಟಿನದು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ನೀಲಿ ರಿಲೇಗಳ ಮೇಲೆ 250 ವೋಲ್ಟ್ ಅಂತ ಬರೆದಿರುತ್ತದೆ. ಅದನ್ನು ಇಲ್ಲಿ ಹಾಕಿದರೆ ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತದೆ, ಆಮೇಲೆ ಮೋಟರ್ ಆಫ್ ಆಗುವುದಿಲ್ಲ. ಕೃಷಿ ಪಂಪ್‌ಸೆಟ್ಟಿಗೆಂದೇ ಮಾಡಿದ ಪೆಟ್ಟಿಗೆಯನ್ನೇ ಕೇಳಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮೊದಲು ಸಾಯುವುದು ಈ ಪೆಟ್ಟಿಗೆಯೇ.

ಕರೆಂಟ್ ಬಂದ ಮೇಲೆ ಒಳಗಿನ ಪುಟ್ಟ ದೀಪ ನೋಡಿ. ಸಾಮಾನ್ಯ 2ಜಿ ಪೆಟ್ಟಿಗೆಗಳಲ್ಲಿ ಅದು ಸೆಕೆಂಡಿಗೊಮ್ಮೆ ಮಿಟುಕುತ್ತಿದ್ದರೆ ಇನ್ನೂ ಟವರ್ ಹುಡುಕುತ್ತಿದೆ ಎಂದರ್ಥ. ಮೂರು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿಟುಕಿದರೆ ಸಿಕ್ಕಿದೆ.

ವಾಪಸ್ ಬರುವ ಮೆಸೇಜ್

ಇಲ್ಲಿ ನಾವು ಏಟು ತಿಂದೆವು. ಮೊದಲು ಹಾಕಿಸಿದ ಪೆಟ್ಟಿಗೆ ‘ಮೋಟರ್ ಆನ್’ ಅಂತ ಪ್ರತಿ ಸಲ ಉತ್ತರ ಕೊಡುತ್ತಿತ್ತು. ನಾಲ್ಕನೇ ದಿನ ಅಪ್ಪ ತೋಟಕ್ಕೆ ಹೋದರೆ ಡ್ರಿಪ್ ಪೈಪ್ ಒಣಗಿತ್ತು, ಹೊಸ ಅಡಿಕೆ ಸಸಿಗಳ ಎಲೆ ಜೋತುಬಿದ್ದಿತ್ತು. ಒಂದು ಫ್ಯೂಸ್ ಹೋಗಿ ಮೋಟರ್ ತಿರುಗಿಯೇ ಇರಲಿಲ್ಲ. ಪೆಟ್ಟಿಗೆ ಹೇಳುತ್ತಿದ್ದದ್ದು ‘ನಾನು ಬಟನ್ ಒತ್ತಿದೆ’ ಅಂತ ಮಾತ್ರ. ನೀರು ಬಂತೋ ಇಲ್ಲವೋ ಅದಕ್ಕೆ ಗೊತ್ತೇ ಇರಲಿಲ್ಲ.

ಹಾಗಾಗಿ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಇದು ಆಂಪಿಯರ್ ಅಳೆದು ಹೇಳುತ್ತದಾ? ಮೋಟರ್ ವಯರಿಗೆ ಉಂಗುರದ ಹಾಗೆ ತೊಡಿಸುವ, ಕರೆಂಟ್ ಅಳೆಯುವ ಸಿಟಿ ಕಾಯಿಲ್ ಇದ್ದರೆ ಹೇಳುತ್ತದೆ. ನಮ್ಮ 5 ಎಚ್‌ಪಿ ಮೋಟರ್ ನೀರು ಎತ್ತುವಾಗ 8 ಆಂಪಿಯರ್ ಆಸುಪಾಸು ಎಳೆಯುತ್ತದೆ. ಬೋರಿನಲ್ಲಿ ನೀರು ತಗ್ಗಿದರೆ 5ಕ್ಕೆ ಇಳಿಯುತ್ತದೆ. ನಿಮ್ಮ ಮೋಟರಿನ ಲೆಕ್ಕವನ್ನು ನೀರು ಚೆನ್ನಾಗಿ ಬರುವಾಗ ಅಳೆದು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಎಷ್ಟು ಇಳಿದರೆ ನಿಲ್ಲಿಸಬೇಕು, ಎಷ್ಟು ಏರಿದರೆ ನಿಲ್ಲಿಸಬೇಕು ಅಂತ ಪೆಟ್ಟಿಗೆಗೆ ಹೇಳಿಕೊಡಿ. ವೈಂಡಿಂಗ್ ಸುಡುವುದನ್ನು ಇದೇ ತಡೆಯುವುದು. ಮಿಸ್ಡ್ ಕಾಲ್ ಕೊಟ್ಟು ಆನ್ ಮಾಡುವ ಸೌಲಭ್ಯಕ್ಕೆ ದುಡ್ಡು ಖರ್ಚಾಗುವುದಿಲ್ಲ ನಿಜ. ಆದರೆ ಅದಕ್ಕೂ ಉತ್ತರ ಬರುವ ಹಾಗೆ ಸೆಟ್ ಮಾಡಿಸಿ.

ಲೈನ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಟೋ ವ್ಯವಸ್ಥೆಯೂ ಇರುತ್ತದೆ. ಶುರುವಾಗುವ ಹೊತ್ತಿನಲ್ಲಿ ಮೋಟರ್ ಮಾಮೂಲಿಗಿಂತ ಆರು ಪಟ್ಟು ಕರೆಂಟ್ ಎಳೆಯಬಹುದು. ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಎಲ್ಲ ಮೋಟರುಗಳೂ ಒಟ್ಟಿಗೇ ಎದ್ದರೆ ಟಿಸಿ ಹೋಗುತ್ತದೆ. ಪಕ್ಕದ ತೋಟದವರ ಜೊತೆ ಮಾತಾಡಿ, ಒಬ್ಬರು 3 ನಿಮಿಷ, ಇನ್ನೊಬ್ಬರು 5, ಮತ್ತೊಬ್ಬರು 7 ಅಂತ ತಡ ಹಾಕಿಕೊಳ್ಳಿ.

ಪಾಸ್‌ವರ್ಡ್ ಮತ್ತು ಅಲಾರಂ

ಪೆಟ್ಟಿಗೆಯ ಜೊತೆ ಬರುವ 1234 ಥರದ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. ಮನೆಯವರ ನಂಬರುಗಳನ್ನು ಮಾತ್ರ ಸೇರಿಸಿ.

ಬೋರಿನ ತಾಮ್ರದ ಕೇಬಲ್ ಕಳ್ಳತನ ನಮ್ಮ ಕಡೆ ಸಾಮಾನ್ಯ. ಮೋಟರ್ ಮನೆಯ ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್ ಹಾಕಿ, ಪೆಟ್ಟಿಗೆಯ ಅಲಾರಂ ಪಾಯಿಂಟಿಗೆ ಜೋಡಿಸಿ. ಬಾಗಿಲು ತೆರೆದರೆ ಸೈರನ್ ಕೂಗುತ್ತದೆ, ಫೋನಿಗೆ ಕರೆ ಬರುತ್ತದೆ. ಮೆಸೇಜ್ ಒಂದನ್ನೇ ನಂಬಬೇಡಿ, ನಿದ್ದೆಯಲ್ಲಿ ಅದು ಕೇಳುವುದಿಲ್ಲ. ಓಡಾಟ ಗುರುತಿಸುವ ಸೆನ್ಸರ್ ಹಾಕುವುದಾದರೆ ಎರಡು ಮೀಟರ್ ಎತ್ತರದಲ್ಲಿ, ಬಿಸಿಲು ಬೀಳದ ಕಡೆ ಹಾಕಿ. ಇಲ್ಲದಿದ್ದರೆ ಬೆಕ್ಕು ಬಂದರೂ ಕೂಗುತ್ತದೆ. ಕರೆಂಟ್ ಇಲ್ಲದಾಗಲೂ ಕೆಲಸ ಮಾಡಲು ಬ್ಯಾಟರಿ ಬೇಕೇ ಬೇಕು. ಹತ್ತಿರದ ತೋಟದವರ ನಂಬರನ್ನೂ ಸೇರಿಸಿ. ಅಲಾರಂ ಬಂದರೆ ಅಪ್ಪ ಒಬ್ಬರೇ ಹೋಗಕೂಡದು. ಇಬ್ಬರು ಮೂವರು ಸೇರಿ ಹೋಗಬೇಕು, ಅಥವಾ 112ಕ್ಕೆ ಫೋನ್ ಮಾಡಬೇಕು.

ಅಲಾರಂ ಸುಮ್ನೆ ಇದೆ ಅಂದರೆ ಎಲ್ಲ ಸರಿಯಿದೆ ಅಂತಲ್ಲ. ಸಿಮ್ ಸತ್ತಿದ್ದರೂ ಅದು ಸುಮ್ನೇ ಇರುತ್ತದೆ ಅಲ್ವಾ? ನಾನು ದಿನಾ ರಾತ್ರಿ ಊಟ ಆದ ಮೇಲೆ ಸ್ಟೇಟಸ್ ಕೇಳಿ ಒಂದು ಮೆಸೇಜ್ ಕಳಿಸುತ್ತೇನೆ. ಉತ್ತರ ಬಾರದಿದ್ದರೆ ಬೆಳಗ್ಗೆ ಅಪ್ಪ ಹೋಗಿ ನೋಡುತ್ತಾರೆ.

ಇನ್ನೊಂದು ವಿಷಯ, ಇದನ್ನು ಯಾರೂ ಮರೆಯಬಾರದು. ಪೆಟ್ಟಿಗೆ ಆಫ್ ಆಗಿದ್ದರೆ ಮೆಸೇಜ್ ಜಾಲದಲ್ಲೇ ಕಾದು ಕುಳಿತು, ಆಮೇಲೆ ಬರುತ್ತದೆ. ಬೆಳಗ್ಗೆ ನಾನು ಕಳಿಸಿದ ‘ಆನ್’ ಮಧ್ಯಾಹ್ನ ತಲುಪಬಹುದು. ಆಗ ಯಾರೋ ಮೋಟರ್ ವಯರ್ ಹಿಡಿದಿರಬಹುದು. ರಿಪೇರಿಗೆ ಮುಂಚೆ ಮೆಸೇಜ್ ಕಳಿಸಿ ಆಫ್ ಮಾಡಿದರೆ ಸಾಲದು, ಮೇನ್ ಇಳಿಸಿ ಮೂರೂ ಫ್ಯೂಸ್ ಕೀಳಲೇಬೇಕು. ನಮ್ಮ ಮೋಟರ್ ಮನೆ ಬಾಗಿಲ ಮೇಲೆ ಅಪ್ಪ ಕೆಂಪು ಪೇಂಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ‘ಈ ಮೋಟ್ರು ತಾನಾಗೇ ಆನ್ ಆಗುತ್ತೆ. ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು ಕೈ ಹಾಕಿ.’