ಊರು ಕೇಳುವ ಕಷ್ಟ

ಮೆಲ್ಬರ್ನ್‌ನ ಒಂದು ಸಮುದಾಯ ರೇಡಿಯೊದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಕನ್ನಡ ಬರುತ್ತದೆ. ಅದರಲ್ಲಿ ತಿಂಗಳಿಗೊಂದು ಸಲ ಆಸ್ಟ್ರೇಲಿಯದ ಲೇಖಕರೊಬ್ಬರನ್ನು ಮಾತಾಡಿಸುವ ಕೆಲಸ ನನ್ನದು. ಸಂಬಳ ಇಲ್ಲ, ಹೊಟ್ಟೆಪಾಡಿಗೆ ಬೇರೆ ನೌಕರಿ ಇದೆ. ಇಲ್ಲಿಯವರೆಗೆ ನಲವತ್ತು ಚಿಲ್ಲರೆ ಜನರ ಮುಂದೆ ಮೈಕ್ ಹಿಡಿದಿದ್ದೇನೆ.

ಮೊದಲನೆಯದೇ ಕೆಟ್ಟಿತು. ಎದುರಿಗಿದ್ದ ಕಾದಂಬರಿಕಾರ್ತಿಯ ಹೆಸರು, ಮುಖ ನೋಡಿ ನಮ್ಮ ಕಡೆಯವರು ಅನ್ನಿಸಿತ್ತು. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ನಾವು ಕೇಳುತ್ತೇವಲ್ಲ, ಹಾಗೇ ಕೇಳಿದೆ, ‘ನಿಮ್ಮದು ಯಾವೂರು?’

‘ಡ್ಯಾಂಡಿನಾಂಗ್’ ಎಂದರು. ಅದು ಮೆಲ್ಬರ್ನ್‌ನದೇ ಒಂದು ಭಾಗ.

‘ಅಲ್ಲ, ಅದಕ್ಕೂ ಮೊದಲು?’

‘ಅದಕ್ಕೂ ಮೊದಲು ಅಮ್ಮನ ಹೊಟ್ಟೆಯಲ್ಲಿದ್ದೆ.’

ನಾನು ನಕ್ಕೆ. ಅವರು ನಗಲಿಲ್ಲ. ಮುಂದಿನ ಇಪ್ಪತ್ತು ನಿಮಿಷ ಒಂದೊಂದು ಸಾಲಿನ ಉತ್ತರ ಬಂತು. ಮುಗಿದ ಮೇಲೆ, ಮೈಕ್ ಆಫ್ ಆದಾಗ, ಅವರೇ ಬಿಡಿಸಿ ಹೇಳಿದರು. ಹುಟ್ಟಿದ್ದು, ಓದಿದ್ದು, ಬರೆದದ್ದು ಎಲ್ಲ ಇಲ್ಲೇ. ಆದರೂ ಶಾಲೆಯಲ್ಲಿ, ಪಾರ್ಟಿಯಲ್ಲಿ, ಟ್ಯಾಕ್ಸಿಯಲ್ಲಿ ಎಲ್ಲರೂ ಇದನ್ನೇ ಕೇಳುತ್ತಾರೆ. ನಮಗೆ ಅದು ಸಲಿಗೆಯ ಮಾತು. ಅವರ ಕಿವಿಗೆ ‘ನೀನು ಇಲ್ಲಿಯವಳಲ್ಲ’ ಅಂತ ಬೀಳುತ್ತದೆ.

ಇಲ್ಲಿ ಕಾದಂಬರಿಗೆ ಕೊಡುವ ದೊಡ್ಡ ಪ್ರಶಸ್ತಿ ಮೈಲ್ಸ್ ಫ್ರಾಂಕ್ಲಿನ್‌ದು. ಲೇಖಕಿ ಮೈಲ್ಸ್ ಫ್ರಾಂಕ್ಲಿನ್ ತೀರಿಕೊಳ್ಳುವ ಮೊದಲು ಅದಕ್ಕಾಗಿ ಉಯಿಲು ಬರೆದಿಟ್ಟಿದ್ದರು. ಪುಸ್ತಕದಲ್ಲಿ ಆಸ್ಟ್ರೇಲಿಯದ ಬದುಕು ಇರಬೇಕು ಅನ್ನುವುದು ಅದರ ಷರತ್ತು. 1957ರಲ್ಲಿ ಮೊದಲ ಸಲ ಅದನ್ನು ಪಡೆದ ಪ್ಯಾಟ್ರಿಕ್ ವೈಟ್‌ಗೆ 1973ರಲ್ಲಿ ನೊಬೆಲ್ ಬಂತು. ಕೊಲಂಬೊದಲ್ಲಿ ಹುಟ್ಟಿದ ಮಿಶೆಲ್ ಡಿ ಕ್ರೆಟ್ಸರ್‌ಗೆ ಎರಡು ಸಲ ಬಂತು, 2013 ಮತ್ತು 2018ರಲ್ಲಿ. 2023ರಲ್ಲಿ ಶ್ರೀಲಂಕಾ ತಮಿಳು ಮನೆತನದ ಶಂಕರಿ ಚಂದ್ರನ್‌ಗೆ. ನಮ್ಮ ಮಂಗಳೂರಿನ ಅರವಿಂದ ಅಡಿಗ ಹುಡುಗನಾಗಿದ್ದಾಗ ಸಿಡ್ನಿಯಲ್ಲಿ ಓದಿದವರು. ಕಾಗದಪತ್ರವಿಲ್ಲದೆ ಸಿಡ್ನಿಯಲ್ಲಿ ಬದುಕುವ ತಮಿಳು ಹುಡುಗನ ಕಥೆ ಇರುವ ಅವರ ‘ಆಮ್ನೆಸ್ಟಿ’ 2021ರಲ್ಲಿ ಈ ಪ್ರಶಸ್ತಿಯ ಕೊನೆಯ ಸುತ್ತಿನ ಪಟ್ಟಿಯಲ್ಲಿತ್ತು. ಆ ಉಯಿಲು ಕೇಳುವುದು ಪುಸ್ತಕದ ಊರನ್ನು. ನಾನು ಕೇಳಿದ್ದು ಬರೆದವರ ಊರನ್ನು.

ಅಲ್ಲಿಂದ ಆ ಪ್ರಶ್ನೆಯನ್ನೇ ಬಿಟ್ಟೆ. ತಯಾರಿಯ ಕ್ರಮವೂ ಬದಲಾಯಿತು. ಪುಸ್ತಕ ಹೊರಬಂದ ತಿಂಗಳಲ್ಲಿ ಪ್ರಕಾಶಕರ ಪ್ರಚಾರದವರೇ ಸಂದರ್ಶನ ಕೊಡಿಸುತ್ತಾರೆ. ಆದರೆ ಆಗ ಲೇಖಕರು ಅದೇ ಮಾತನ್ನು ಮೂವತ್ತನೇ ಸಲ ಹೇಳುತ್ತಿರುತ್ತಾರೆ. ನಾನು ಬೇಕಂತಲೇ ಆರು ತಿಂಗಳು ತಡವಾಗಿ ಹೋಗುತ್ತೇನೆ. ಅಷ್ಟು ಹೊತ್ತಿಗೆ ಲೈಬ್ರರಿಯ ಸರದಿಯೂ ಕರಗಿರುತ್ತದೆ, ಪುಸ್ತಕ ಪುಕ್ಕಟೆ ಸಿಗುತ್ತದೆ! ಎರಡು ಸಲ ಓದುತ್ತೇನೆ. ಎರಡನೇ ಸಲ ಕಥೆ ನೋಡುವುದಿಲ್ಲ. ಇವರಿಗೆ ಕೈಯಾರೆ ಗೊತ್ತಿರುವುದು ಏನು ಅಂತ ಮಾತ್ರ ಹುಡುಕುತ್ತೇನೆ. ಕುರಿ ಉಣ್ಣೆ ಕತ್ತರಿಸುವುದೋ, ಆಸ್ಪತ್ರೆಯ ರಾತ್ರಿ ಪಾಳಿಯೋ, ಏನಾದರೂ ಒಂದು ಇದ್ದೇ ಇರುತ್ತದೆ. ಪ್ರಶ್ನೆ ಅಲ್ಲಿಂದ ಶುರು.

ಅಡಿಲೇಡ್ ರೈಟರ್ಸ್ ವೀಕ್‌ಗೂ ಹೋಗಿದ್ದೆ. 1960ರಿಂದ ನಡೆದುಬಂದ ಲೇಖಕರ ಹಬ್ಬ ಅದು. ತೋಟದಲ್ಲಿ, ಮರದ ನೆರಳಲ್ಲಿ, ಟಿಕೆಟ್ ಇಲ್ಲದೆ ಕೂತು ಕೇಳಬಹುದು. ಒಳ್ಳೆಯ ಸಂದರ್ಶಕರು ಎಷ್ಟು ಕಡಿಮೆ ಮಾತಾಡುತ್ತಾರೆ ಅಂತ ಅಲ್ಲೇ ಕಂಡದ್ದು. ನಾನಿನ್ನೂ ಜಾಸ್ತಿಯೇ ಮಾತಾಡುತ್ತೇನೆ, ಅದು ಬೇರೆ ಮಾತು.

ಆಮೇಲೆ ಒಬ್ಬ ಮೂಲನಿವಾಸಿ ಲೇಖಕಿ ಒಪ್ಪಿದರು. ನನಗೆ ಒಳಗೇ ಅಂಜಿಕೆ. ಊರಿನ ಸುದ್ದಿಯೇ ಎತ್ತಬಾರದು ಅಂತ ಚೀಟಿಯ ಮೇಲೆ ದಪ್ಪಗೆ ಬರೆದುಕೊಂಡು ಹೋದೆ. ಕೂತ ಕೂಡಲೇ ಅವರೇ ಕೇಳಿಬಿಟ್ಟರು, ‘ನಿನ್ನ ಕಂಟ್ರಿ ಯಾವುದು?’

‘ಇಂಡಿಯಾ’ ಎಂದೆ.

‘ಅದಲ್ಲ. ನಿನ್ನ ನದಿ ಯಾವುದು?’

ವೇದಾವತಿ ಎಂದೆ. ನಾನು ಹಿರಿಯೂರಿನವನು. ಮಾರಿಕಣಿವೆಯ ಬಗ್ಗೆ ಹೇಳಿದೆ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ನನ್ನ ಅಜ್ಜ ಆ ನೀರಿಗೆ ಕಾದೂ ಕಾದೂ ಹೋಗಿಬಿಟ್ಟ ಎಂದೆ. ಹದಿನೈದು ನಿಮಿಷ ಬರೀ ನನ್ನದೇ ಕಥೆ. ಅವರು ಸುಮ್ನೆ ಕೇಳಿದರು. ನಂತರ ಅವರ ನದಿಯ ಮಾತು ಬಂತು. ನಕ್ಷೆಯಲ್ಲಿ ಅದು ಡಾರ್ಲಿಂಗ್. ಅವರ ಬಾರ್ಕಿಂಜಿ ಜನಕ್ಕೆ ಬಾಕಾ. 2019ರ ಶುರುವಿನಲ್ಲಿ ಮೆನಿಂಡಿಯ ಹತ್ತಿರ ಲಕ್ಷಗಟ್ಟಲೆ ಮೀನು ಸತ್ತು ತೇಲಿದ ನದಿ. 2023ರಲ್ಲಿ ಮತ್ತೆ ಹಾಗೇ ಆಯಿತು. ನದಿಯ ಮೇಲ್ಗಡೆ ಹೊಲಗಳಿಗೆ ನೀರು ಎತ್ತುವುದು, ಬರ, ಪಾಚಿ, ಉಸಿರು ಕಟ್ಟಿದ ನೀರು ಎಲ್ಲ ವಿವರವಾಗಿ ಹೇಳಿದರು. ಪುಸ್ತಕದ ಬಗ್ಗೆ ನಾನು ಬರೆದುಕೊಂಡಿದ್ದ ಹನ್ನೆರಡು ಪ್ರಶ್ನೆಗಳಲ್ಲಿ ಕೇಳಿದ್ದು ಎರಡು. ಉಳಿದ ಹತ್ತಕ್ಕೂ ಆ ಮಾತಿನಲ್ಲೇ ಉತ್ತರ ಸಿಕ್ಕಿತ್ತು.

ಮೂಲನಿವಾಸಿಗಳು ಪರಸ್ಪರ ಸಿಕ್ಕಾಗ ಮೊದಲು ಕೇಳುವುದೇ ಯಾವ ನೆಲ, ಯಾರ ಕಡೆಯವರು ಅಂತ. ಥೇಟ್ ನಮ್ಮ ಹಾಗೆ ಅಲ್ವಾ? ಡ್ಯಾಂಡಿನಾಂಗ್‌ನವರಿಗೆ ಚುಚ್ಚಿದ ಪ್ರಶ್ನೆ ಇಲ್ಲಿ ಮರ್ಯಾದೆ.

ಕಷ್ಟ ಆದದ್ದು ಕನ್ನಡಕ್ಕೆ ತರುವಾಗ. ಮಾತುಕತೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಮೊದಲ ಹತ್ತು ಸೆಕೆಂಡ್ ಅವರ ದನಿ ಕೇಳಿಸಿ, ಆಮೇಲೆ ಅದನ್ನು ತಗ್ಗಿಸಿ ಮೇಲೆ ನನ್ನ ಕನ್ನಡ ಓದುತ್ತೇನೆ. ‘ಕಂಟ್ರಿ’ಗೆ ದೇಶ ಅಂದರೆ ತಪ್ಪು. ಅವರು ಅನ್ನುವ ಕಂಟ್ರಿಯಲ್ಲಿ ನೆಲ, ನೀರು, ಹಕ್ಕಿ, ಸತ್ತ ಹಿರಿಯರು, ಮಾತು ಎಲ್ಲ ಸೇರಿದೆ. ಅದಕ್ಕೆ ಕಾಯಿಲೆ ಬರುತ್ತದೆ, ಅದು ಮನುಷ್ಯರ ಗುರುತು ಹಿಡಿಯುತ್ತದೆ. ‘ನಾಡು’ ಹಾಕಿ ನೋಡಿದೆ, ಭಾಷಣದ ವಾಸನೆ ಬಂತು. ಕೊನೆಗೆ ‘ಸೀಮೆ’ ಅಂದೆ. ನಮ್ಮಲ್ಲಿ ‘ಅವರ ಸೀಮೆಯ ದನ, ನಮ್ಮ ಸೀಮೆಯ ಮಳೆ’ ಅನ್ನುತ್ತಾರಲ್ಲ, ಆ ಸೀಮೆ. ಅದೂ ಪೂರ್ತಿ ಸಾಲಲಿಲ್ಲ. ಎರಡು ಕಡೆ ‘ಕಂಟ್ರಿ’ ಅಂತಲೇ ಬಿಟ್ಟೆ.

ಈಗ ಯಾರೇ ಬರಲಿ, ‘ನೀವು ಬೆಳೆದ ಕಡೆ ನೀರು ಎಲ್ಲಿಂದ ಬರುತ್ತಿತ್ತು?’ ಅಂತ ಶುರು ಮಾಡುತ್ತೇನೆ. ಒಬ್ಬರು ಮನೆ ಹಿಂದಿನ ತಗಡಿನ ಟ್ಯಾಂಕಿನಲ್ಲಿ ಸತ್ತ ಕಪ್ಪೆಯ ಕಥೆ ಹೇಳಿದರು. ಇನ್ನೊಬ್ಬರು ‘ನಲ್ಲಿಯಿಂದ, ಮತ್ತೆಲ್ಲಿಂದ?’ ಎಂದರು. ಯಾವ ಪ್ರಶ್ನೆಯೂ ಎಲ್ಲರಿಗೂ ಹೊಂದುವುದಿಲ್ಲ.

ಬಾಕಾ ನದಿಯ ಆ ಕಾರ್ಯಕ್ರಮದ ಆಡಿಯೊ ಹಿರಿಯೂರಿಗೆ ಕಳಿಸಿದ್ದೆ. ಅವ್ವ ಪೂರ್ತಿ ಕೇಳಿ ಫೋನ್ ಮಾಡಿದಳು.

‘ಚೆನ್ನಾಗೈತಪ್ಪ. ಆಯಮ್ಮಂದು ಯಾವೂರಂತೆ?’

ನದಿಯ ಹೆಸರು ಹೇಳಿದೆ.

‘ಈಗ ನೀರೈತಾ ಅದ್ರಾಗೆ?’ ಎಂದಳು.